ಮೂಳೆ ಇಲ್ಲದ ಕಡೆ

ಫೆಬ್ರವರಿ 9

ಅಪ್ಪ,

ಫೋನು ಮಾಡದೆ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಸರಿ, ಅಮ್ಮನಿಗೆ ಕೊಡ್ತೀನಿ" ಅಂದುಬಿಡುತ್ತೀರಿ. ಕಾಗದಕ್ಕಾದರೆ ಆ ಕಾಟವಿಲ್ಲ.

ನಾನಿನ್ನೂ ಸೈಟಿನ ಸ್ಟೋರಿನಲ್ಲೇ ಇದ್ದೇನೆ. ಕೈಗವಸು, ಹೆಲ್ಮೆಟ್ಟು, ಹಗ್ಗ ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು. ಸ್ಟೋರಿನ ಕಿಟಕಿಯಿಂದ ನನ್ನ ಕ್ರೇನು ಕಾಣಿಸುತ್ತದೆ. ಈಗ ಅದನ್ನು ಓಡಿಸುವವನು ಭಾರವನ್ನು ಜಗ್ಗಿ ಜಗ್ಗಿ ಎತ್ತುತ್ತಾನೆ. ನೋಡಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಕೆಳಗಿಳಿದು ಎರಡು ವರ್ಷವಾದರೂ ಕೆಲಸದವರೆಲ್ಲ ನನ್ನನ್ನು "ಮೇಲಕ್ಕ" ಎಂದೇ ಕರೆಯುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ, ಆದರೂ ಒಳಗೆ ಚುಚ್ಚುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮಾತ್ರೆ ಚೀಟಿ ಬರೆಸಲು ಹೋದ ವಾರ ಇಲ್ಲಿಗೆ ಹೊಸದಾಗಿ ಬಂದಿರುವ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನನ್ನ ತಲೆಯ ಅಲೆಗಳ ಹಳೆಯ ಕಾಗದವನ್ನು, ಆ ಇಇಜಿಯನ್ನು, ಮೇಜಿನ ಮೇಲೆ ಹರಡಿಕೊಂಡರು, ಆದರೆ ಅದನ್ನು ಓದುವ ಮೊದಲು ಎದ್ದು ಬಂದು ನನ್ನ ಕೂದಲೊಳಗೆ ಬೆರಳಾಡಿಸಿದರು. "ಇಲ್ಲಿ ಮೂಳೆ ತೆಗೆದು ಮತ್ತೆ ಕೂರಿಸಿದಾರಲ್ವಾ? ಸುತ್ತ ಸಂದು ಹಾಗೇ ಇದೆ" ಅಂದರು. ಆಮೇಲೆ ಕಾಗದ ನೋಡಿ ನಕ್ಕುಬಿಟ್ಟರು. "ಬುರುಡೆ ಅನ್ನೋದು ದಪ್ಪ ಗೋಡೆ ಇದ್ದ ಹಾಗೆ ಕಣಮ್ಮ. ಮೆದುಳಲ್ಲಿ ಹುಟ್ಟೋ ಕರೆಂಟು ಅದನ್ನ ದಾಟಿ ತಲೆ ಚರ್ಮಕ್ಕೆ ಬರೋಷ್ಟರಲ್ಲಿ ಸೊರಗಿಹೋಗತ್ತೆ, ಅಗಲಕ್ಕೆ ಹರಡ್ಕೊಂಡುಬಿಡತ್ತೆ. ಸಂದು ಇರೋ ಕಡೆ ಸಲೀಸಾಗಿ ಹೊರಗೆ ಬರತ್ತೆ. ಅದಕ್ಕೇ ನಿನ್ನ ಎಡಗಡೆ ಅಲೆ ಇಷ್ಟೆತ್ತರ, ಇಷ್ಟು ಚೂಪು. ಇದು ಫಿಟ್ಸ್ ಅಲ್ಲ, ತೆರೆದಿರೋ ಕಿಟಕಿ. ಯಾರು ಇದನ್ನ ಫಿಟ್ಸ್ ಅಂತ ಬರೆದಿದ್ದು?"

ಕೆಳಗೆ ನಿಮ್ಮ ಸಹಿ ಇತ್ತು, ಅವರೇ ಓದಿಕೊಂಡರು.

ಅಪ್ಪ, ನಾನು ನಿಮ್ಮನ್ನು ದೂರುತ್ತಿಲ್ಲ. ರೋಗಿಯ ಹೆಸರು, ವಯಸ್ಸು, ಹಿಂದಿನ ಕಥೆ ಎಲ್ಲದರ ಮೇಲೂ ಕಾಗದದ ಪಟ್ಟಿ ಅಂಟಿಸಿಯೇ ನೀವು ಅಲೆ ಓದುವುದು ಎಂದು ಇಡೀ ಆಸ್ಪತ್ರೆಗೆ ಗೊತ್ತು. ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ಭೇದ ಬರಬಾರದು ಎಂದು. ಆ ತಲೆ ನನ್ನದು, ಅದರ ಮೂಳೆ ತೆಗೆದಿತ್ತು ಎಂದು ನಿಮಗೆ ಹೇಗೆ ತಿಳಿಯಬೇಕು? ಪಟ್ಟಿಯ ಅಡಿಯಲ್ಲಿ ಅದೂ ಮುಚ್ಚಿಹೋಗಿತ್ತು.

ಆ ವರದಿಯಿಂದ ಹೋದ ಕ್ರೇನು ಲೈಸೆನ್ಸಿನ ಬಗ್ಗೆ ಮೇ ತಿಂಗಳ ಕೊನೆಗೆ ಮಂಡಳಿಯಲ್ಲಿ ನನ್ನ ವಿಚಾರಣೆ ಇದೆ. ಅಲ್ಲೂ ಬೇಡ ಅಂದರೆ ಮುಗಿಯಿತು, ಮತ್ತೆ ಅರ್ಜಿ ಹಾಕುವ ಹಾಗಿಲ್ಲ. "ಮೂಳೆಯ ಸಂದನ್ನು ಗಮನಿಸದೆ ಬರೆದ ವರದಿ, ಹಿಂದಕ್ಕೆ ಪಡೆಯುತ್ತೇನೆ" ಎಂದು ಒಂದು ಸಾಲು ಬರೆದುಕೊಡಿ. ಒಂದೇ ಸಾಲು.

ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಸಾಲಿಗಾಗಿ ಕಾಯುತ್ತಿರುವ
ಮಗಳು

*

ಫೆಬ್ರವರಿ 21

ಪುಟ್ಟಿ,

ನಿನ್ನ ಪತ್ರ ತಲುಪಿತು. ಅಮ್ಮನ ಮಂಡಿ ಇದ್ದ ಹಾಗೇ ಇದೆ.

ಆ ಡಾಕ್ಟರಮ್ಮ ಹೇಳಿದ್ದು ಹೊಸ ಸಂಗತಿಯಲ್ಲ. ಮೂವತ್ತು ವರ್ಷ ನಾನೇ ಹುಡುಗರಿಗೆ ಪಾಠ ಮಾಡಿದ್ದೇನೆ. ಮೆದುಳಿನ ಸುತ್ತ ನೀರು, ನೀರಿನ ಹೊರಗೆ ಮೂಳೆ, ಮೂಳೆಯ ಹೊರಗೆ ಚರ್ಮ. ನೀರು ಕರೆಂಟನ್ನು ಎಳೆದುಕೊಂಡು ಹರಡುತ್ತದೆ, ಮೂಳೆ ತಡೆಯುತ್ತದೆ. ನಾವು ನೆತ್ತಿಯ ಮೇಲೆ ತಂತಿ ಅಂಟಿಸಿ ನೋಡುವುದೆಲ್ಲ ಇಷ್ಟನ್ನೂ ದಾಟಿ ಬಂದ ಚೂರುಪಾರು. ಆದರೆ ಕಿಟಕಿ ತೆರೆದಿದೆ ಎಂದ ಮಾತ್ರಕ್ಕೆ ಕೋಣೆಯಲ್ಲಿ ಯಾರೂ ಇಲ್ಲ ಎಂದಾಗುವುದಿಲ್ಲ. ಸಂದಿನಿಂದ ದೊಡ್ಡದಾಗಿ ಕಂಡದ್ದೆಲ್ಲ ಸುಳ್ಳಲ್ಲ. ಈ ಭಾಗವನ್ನು ಅವರು ಹೇಳಲಿಲ್ಲವೇ?

ಹೆಸರು ನೋಡದೆ ಬರೆದದ್ದನ್ನು ಹೆಸರು ನೋಡಿ ತಿದ್ದುವುದು ನನ್ನಿಂದ ಆಗದು. ಇವತ್ತು ಮಗಳಿಗೆ ತಿದ್ದಿದರೆ ನಾಳೆ ಉಳಿದವರಿಗೆ ಯಾವ ಮುಖ ತೋರಿಸಲಿ?

ನನ್ನ ಹಳೆಯ ಸ್ನೇಹಿತರ ಕಾಲೇಜಿನಲ್ಲಿ ಪ್ರಯೋಗಶಾಲೆ ನೋಡಿಕೊಳ್ಳಲು ಒಬ್ಬರು ಬೇಕಂತೆ. ನೆರಳಿನಲ್ಲಿ ಕೂತು ಮಾಡುವ ಕೆಲಸ. ನಿನ್ನ ವಿಷಯ ಹೇಳಿದ್ದೇನೆ. ಮೊನ್ನೆ ನಿನ್ನ ಅತ್ತೆ ಬಂದಿದ್ದಾಗ "ಅಣ್ಣಾ, ಆ ಹುಡುಗಿ ಇನ್ನೂ ಆಕಾಶದಲ್ಲೇ ನೇತಾಡಬೇಕು ಅಂತಾಳಾ?" ಎಂದು ಕೇಳಿದಳು.

ಮಾತ್ರೆ ತಪ್ಪಿಸಬೇಡ.

ಆಶೀರ್ವಾದಗಳೊಡನೆ,
ಅಪ್ಪ

*

ಮಾರ್ಚ್ 4

ಅಪ್ಪ,

ಕ್ರೇನಿನದೂ ಕೂತು ಮಾಡುವ ಕೆಲಸವೇ. ಒಳ್ಳೆಯ ಕುರ್ಚಿ ಇದೆ, ಬಿಸಿಲು ತಾಗದ ಹಾಗೆ ಗಾಜಿದೆ, ಅತ್ತೆಯ ಮಾತು ಅಲ್ಲಿಯವರೆಗೆ ಕೇಳಿಸುವುದಿಲ್ಲ. ಅರವತ್ತು ಮೀಟರು ಎತ್ತರದಲ್ಲಿ ಕೂದಲೂ ಕೊಂಕದೆ ಏಳು ವರ್ಷ ದುಡಿದ ನಾನು ಬಿದ್ದು ತಲೆ ಒಡೆದುಕೊಂಡದ್ದು ಎಲ್ಲಿ? ನಿಮ್ಮ ಮನೆಯ ಹಜಾರದಲ್ಲಿ, ನೀವು "ಆ ಬಲ್ಬು ಬದಲಾಯಿಸಿಕೊಡೆ" ಅಂದದ್ದಕ್ಕೆ, ಸ್ಟೂಲಿನಿಂದ. ನೆಲದ ಮೇಲೆ ಇರುವುದೇ ಕ್ಷೇಮ ಎಂದು ನನಗೆ ಪಾಠ ಹೇಳಬೇಡಿ.

ನಿಮ್ಮ ಕಾಗದವನ್ನು ಮಡಿಚಿ ಇಟ್ಟು ಸುಮ್ಮನಾಗಿದ್ದೆ. ಮೊನ್ನೆ ಸ್ಟೋರಿನಲ್ಲಿ ಹೊಸ ಹೆಲ್ಮೆಟ್ಟುಗಳ ಮೇಲಿನ ಬೆಲೆಚೀಟಿ ಕೀಳುತ್ತಾ ಕೂತಿದ್ದಾಗ ಬೆರಳು ತಟ್ಟನೆ ನಿಂತುಬಿಟ್ಟಿತು. ಈ ಕೆಲಸ ನನ್ನ ಬೆರಳಿಗೆ ಹಳೆಯದು. ಚಿಕ್ಕವಳಿದ್ದಾಗ ಭಾನುವಾರ ನಿಮ್ಮ ಮೇಜಿನ ಪಕ್ಕ ಕೂರುತ್ತಿದ್ದೆ, ನೆನಪಿದೆಯಾ? ನೀವು ಓದಿ ಮುಗಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ ಕನ್ನಡಕ ತೆಗೆದು "ಈಗ ಕೀಳು" ಅನ್ನುತ್ತಿದ್ದಿರಿ. ನಾನು ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸಿ, ಹರಿಯದ ಹಾಗೆ ಕೀಳುತ್ತಿದ್ದೆ. ಅಡಿಯಲ್ಲಿ ಬರೆದಿದ್ದ ಕಥೆಯನ್ನು ನೀವು ಓದಿ, ಅದಕ್ಕೂ ಅಲೆಗೂ ಹೊಂದುತ್ತದೆಯೇ ಎಂದು ನೋಡಿ, ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕುತ್ತಿದ್ದಿರಿ. "ಯಾರದು ಅಂತ ತಿಳೀದೆ ಓದಬೇಕು, ಯಾರದು ಅಂತ ತಿಳಿದು ಸಹಿ ಹಾಕಬೇಕು." ನಿಮ್ಮದೇ ಮಾತು. ಪಟ್ಟಿ ಕೀಳದೆ ನೀವು ಜನ್ಮದಲ್ಲಿ ಒಂದು ಸಹಿ ಹಾಕಿದವರಲ್ಲ.

ಅಂದರೆ ನಿಮಗೆ ಗೊತ್ತಿತ್ತು. ಪಟ್ಟಿ ಕಿತ್ತಿರಿ, ನನ್ನ ಹೆಸರು ನೋಡಿದಿರಿ, ಎಡಗಡೆ ಮೂಳೆ ತೆಗೆದದ್ದು ಎಂದು ಬರೆದಿದ್ದನ್ನು ಓದಿದಿರಿ. ಬರೆದಿರದಿದ್ದರೂ ನಿಮಗೆ ಗೊತ್ತಿರಲಿಲ್ಲವೇ? ಮೂಳೆ ಕೂರಿಸುವ ಮೊದಲಿನ ಎರಡು ತಿಂಗಳು ಅಮ್ಮ ನನಗೆ ಸ್ನಾನ ಮಾಡಿಸುವಾಗ ಟವೆಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದವರು ನೀವು. ಚರ್ಮದ ಅಡಿಯಲ್ಲಿ ನನ್ನ ತಲೆ ಮಿಡಿಯುವುದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದವರೂ ನೀವೇ. ಹುಡುಗರಿಗೆ ಮೂವತ್ತು ವರ್ಷ ಹೇಳಿಕೊಟ್ಟ ಪಾಠ ಮಗಳ ತಲೆಯ ಹತ್ತಿರ ಬಂದಾಗ ಮರೆತುಹೋಯಿತೇ?

ನನ್ನನ್ನು ಕೆಳಗಿಳಿಸಲು ನಿಮಗೆ ಒಂದು ನೆಪ ಬೇಕಿತ್ತು. ನನ್ನ ತಲೆಯೇ ಅದನ್ನು ತಂದುಕೊಟ್ಟಿತು.

ಮಾತ್ರೆಗಳನ್ನು ಇವತ್ತು ಬೆಳಿಗ್ಗೆ ಕಸದ ಬುಟ್ಟಿಗೆ ಹಾಕಿದೆ. ಇಲ್ಲದ ಕಾಯಿಲೆಗೆ ಎರಡು ವರ್ಷ ನುಂಗಿ ನುಂಗಿ ನಾಲಗೆ ಮರದ ಹಾಗೆ ಆಗಿದೆ. ಮಾತಿನ ನಡುವೆ ಪದ ಸಿಗದೆ ನಿಂತರೆ ಸೈಟಿನ ಹುಡುಗರು ಪಾಪ ಅಂತ ಕಾಯುತ್ತಾರೆ. ಸಾಕು.

ಮಗಳು

*

ಮಾರ್ಚ್ 19

ಪುಟ್ಟಿ,

ನೀನು ಕೇಳಿದ್ದು ಒಂದು, ಆಪಾದಿಸಿದ್ದು ಹತ್ತು. ಒಂದಕ್ಕೆ ಉತ್ತರ ಕೊಡುತ್ತೇನೆ. ಹೌದು, ಪಟ್ಟಿ ಕಿತ್ತು ನೋಡಿದೆ. ನೋಡಿಯೇ ಸಹಿ ಹಾಕಿದೆ.

ನಿನ್ನ ಸೈಟಿನ ಎದುರಿನ ರಸ್ತೆಯಲ್ಲಿ ಒಂದು ಔಷಧಿ ಅಂಗಡಿ ಇದೆ. ನಿನಗೆ ಹೇಳದೆ ಒಂದು ಸಲ ಅಲ್ಲಿಗೆ ಬಂದು ನಿಂತಿದ್ದೆ, ನೀನು ಬೀಳುವ ಹಿಂದಿನ ವರ್ಷ. ನೀನು ಏಣಿ ಹತ್ತುತ್ತಿದ್ದೆ. ಅರ್ಧದಲ್ಲಿ ನಿಂತು, ಒಂದು ಕೈ ಬಿಟ್ಟು, ಕೆಳಗಿದ್ದ ಯಾರಿಗೋ ಕೈ ಬೀಸಿ ನಕ್ಕೆ. ಅಂಗಡಿಯವನು ನನ್ನ ಮುಖ ನೋಡಿ ಕುರ್ಚಿ ತಂದುಕೊಟ್ಟ. ನಿನಗೆ ಮಕ್ಕಳಿಲ್ಲ, ತಿಳಿಯುವುದಿಲ್ಲ. ಒಬ್ಬಳೇ ಮಗಳು, ಒಂದು ಸಲ ತಲೆ ಒಡೆದುಕೊಂಡವಳು, ಮತ್ತೆ ಅಲ್ಲಿಗೆ ಹತ್ತುತ್ತಾಳೆ ಎಂದರೆ ಯಾವ ಅಪ್ಪ ತಾನೇ ಏಣಿ ಹಿಡಿದುಕೊಡುತ್ತಾನೆ? ನೀನು ಬದುಕಿದ್ದೀಯ, ಕಾಗದದಲ್ಲಿ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದೀಯ. ನನಗೆ ಅಷ್ಟು ಸಾಕು.

ಆದರೆ ಮಾತ್ರೆ ಹೀಗೆ ಒಮ್ಮೆಲೇ ಬಿಡಬಾರದು. ಕಾಯಿಲೆ ಇರಲಿ, ಇಲ್ಲದಿರಲಿ, ಹಾಗೆ ಬಿಡುವುದೇ ಅಪಾಯ. ನನ್ನ ಮೇಲಿನ ಸಿಟ್ಟನ್ನು ನಿನ್ನ ತಲೆಯ ಮೇಲೆ ತೀರಿಸಿಕೊಳ್ಳಬೇಡ.

ಒಂದು ಮಾತಿಗೆ ಬರೋಣ. ನೀನು ಮಾತ್ರೆ ಮತ್ತೆ ಶುರುಮಾಡು, ನುಂಗುತ್ತಿದ್ದೀಯ ಎಂದು ಅಮ್ಮನ ಮೇಲೆ ಆಣೆ ಮಾಡಿ ಬರೆ. ಮಂಡಳಿಗೆ ನಿನ್ನ ಆ ಒಂದು ಸಾಲನ್ನು ನಾನು ಕಳಿಸುತ್ತೇನೆ.

ಅಪ್ಪ

*

ಏಪ್ರಿಲ್ 2

ಅಪ್ಪ,

ನಿಮ್ಮ ಸಾಲು ನಿಮ್ಮಲ್ಲೇ ಇರಲಿ. ಸುಳ್ಳು ಬರೆಯುವಾಗ ಯಾವ ಷರತ್ತೂ ಇರಲಿಲ್ಲ, ನಿಜ ಬರೆಯಲು ಷರತ್ತು.

ಡಾಕ್ಟರಮ್ಮ ತಾವೇ ಮಂಡಳಿಗೆ ಬರೆದುಕೊಡುತ್ತಾರಂತೆ. ನನಗೆ ಯಾರ ಹಂಗೂ ಬೇಕಾಗಿಲ್ಲ. ಔಷಧಿ ಅಂಗಡಿಯ ಮುಂದೆ ಕೂತಿದ್ದ ಅಪ್ಪನ ಕಥೆ ಓದಿ ನನಗೆ ಅಳು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಅಂದು ರಸ್ತೆ ದಾಟಿ ಒಳಗೆ ಬಂದು "ನನಗೆ ಭಯ ಆಗ್ತಿದೆ ಕಣೇ" ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೀವು ಬರಲಿಲ್ಲ. ನನ್ನ ಬಾಯಿಂದ ಅನ್ನ ಕಸಿದುಕೊಂಡು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟಿರಿ.

ಇನ್ನು ಬರೆಯಬೇಡಿ. ಅಮ್ಮನ ಹತ್ತಿರ ಮಾತಾಡಿಕೊಳ್ಳುತ್ತೇನೆ.

ಮಗಳು

*

ಮೇ 6

ಪುಟ್ಟಿ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಆದರೂ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದು.

ಷರತ್ತಿಲ್ಲದೆ ಆ ಸಾಲು ಬರೆದುಬಿಡೋಣ ಎಂದು ಮೊನ್ನೆ ಕೂತೆ. ನಿನ್ನ ಅಮ್ಮ ಎರಡು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದೂ ಒಂದು ಕಾರಣ ಎಂದಿಟ್ಟುಕೋ. ಬರೆಯುವ ಮುನ್ನ ಹಳೆಯ ಕಾಗದವನ್ನು ತರಿಸಿ ಮೇಜಿನ ಮೇಲೆ ಹಾಸಿದೆ. ಮೊದಲ ಸಲ ಪಟ್ಟಿ ಇಲ್ಲದೆ, ನಿನ್ನ ಹೆಸರು ಕಣ್ಣೆದುರಿಗಿಟ್ಟುಕೊಂಡು ಓದಿದೆ.

ಎಡಗಡೆಯದು ಸಂದಿನ ಆಟ. ಡಾಕ್ಟರಮ್ಮ ಹೇಳಿದ್ದು ಸರಿ. ಅದನ್ನು ಬಿಟ್ಟು ಬಲಗಡೆ ನೋಡಿದೆ. ಎಡಗಡೆ ಅಷ್ಟು ಗದ್ದಲವಿದ್ದದ್ದರಿಂದ ಅಂದು ಆ ಕಡೆ ನಾನು ಕಣ್ಣು ಹಾಯಿಸಿದ್ದೇ ಇಲ್ಲ. ಬಲಗಡೆ, ಕಿವಿಯ ಮೇಲ್ಭಾಗದಲ್ಲಿ, ಇರುವೆಯ ಕಾಲಿನಷ್ಟು ಸಣ್ಣದೊಂದು ಚೂಪು. ಒಂದು ಸಲ ಅಲ್ಲ, ಹಲವು ಸಲ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ಪುಟ್ಟಿ, ಅಲ್ಲಿ ನಿನ್ನ ಮೂಳೆ ಪೂರ್ತಿಯಾಗಿದೆ. ಪೂರ್ತಿ ಮೂಳೆ ದಾಟಿ ಇಷ್ಟು ಹೊರಗೆ ಕಂಡಿದೆ ಎಂದರೆ ಒಳಗೆ ಅದು ಎಷ್ಟು ದೊಡ್ಡದಿರಬೇಕು ಯೋಚಿಸು. ಪೆಟ್ಟು ಎಡಕ್ಕೆ ಬಿದ್ದರೂ ಆ ರಭಸಕ್ಕೆ ಮೆದುಳು ಹೋಗಿ ಬಲಗಡೆಯ ಮೂಳೆಗೆ ಬಡಿದಿರುತ್ತದೆ. ಇದು ನನಗೆ ಆಗಲೇ ಹೊಳೆಯಬೇಕಿತ್ತು.

ನಿನಗೆ ಕಾಯಿಲೆ ಇದೆ. ನಾನು ಹೇಳಿದ ಕಡೆ ಅಲ್ಲ, ನಾನು ನೋಡದ ಕಡೆ.

ಮಂಡಳಿಗೂ ಆ ಡಾಕ್ಟರಮ್ಮನಿಗೂ ಇದನ್ನೇ ಬರೆದಿದ್ದೇನೆ. ಮಾತ್ರೆ ಶುರುಮಾಡು. ನಿದ್ದೆಯಲ್ಲಿ ಇಡೀ ರಾತ್ರಿ ಅಲೆ ಬರೆಸಿ ನೋಡಿಸುವವರೆಗೆ ಏಣಿ ಮುಟ್ಟಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ. ಇದು ನೆಪವಲ್ಲ.

ಅಪ್ಪ

*

ಜುಲೈ 14

ಅಪ್ಪ,

ನಿಮ್ಮ ಮೇ ತಿಂಗಳ ಕಾಗದಕ್ಕೆ ಈಗ ಉತ್ತರ. ಅಮ್ಮ ಎಷ್ಟು ಹೇಳಿದ್ದಾಳೋ, ಎಷ್ಟು ನುಂಗಿಕೊಂಡಿದ್ದಾಳೋ ಗೊತ್ತಿಲ್ಲ. ನಡೆದದ್ದನ್ನು ನಾನೇ ಹೇಳುತ್ತೇನೆ.

ಅದನ್ನು ಓದಿದಾಗ ನಾನು ಜೋರಾಗಿ ನಕ್ಕಿದ್ದೆ. ಎಡಗಡೆಯ ಸುಳ್ಳು ಬಯಲಾಯಿತು, ಈಗ ಬಲಗಡೆಗೆ ಹೋಗಿದ್ದಾರೆ ಎಂದುಕೊಂಡೆ. ವಿಚಾರಣೆಯ ದಿನ ಮಂಡಳಿಯ ಹಿರಿಯರೊಬ್ಬರು ನಿಮ್ಮ ಪತ್ರವನ್ನು ಎಲ್ಲರೆದುರು ಓದಿದರು. ಉದ್ದ ಮೇಜು, ಆರು ಜನ, ಒಬ್ಬರು ಬಿಸ್ಕತ್ತು ತಿನ್ನುತ್ತಿದ್ದರು. "ಇವರ ತಂದೆಯೇ ಅಲ್ವೇನ್ರೀ? ಹೋದ ಸಲ ಎಡ ಅಂದ್ರು, ಈ ಸಲ ಬಲ ಅಂತಾರೆ" ಎಂದು ಅವರು ನಕ್ಕಾಗ ನನಗೆ ನಿಮ್ಮ ಪರವಾಗಿ ಒಂದು ಗಳಿಗೆ ನಾಚಿಕೆಯಾಯಿತು. ಡಾಕ್ಟರಮ್ಮ ಪಾಪ ನಗಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅಲ್ಲಿ ದವಡೆಯ ಸ್ನಾಯು ಇರತ್ತೆ, ಹಲ್ಲು ಕಚ್ಚಿದ್ರೂ ಹೀಗೇ ಚೂಪಾಗಿ ಕಾಣತ್ತೆ. ಇಲ್ಲ ಅನ್ನೋಕೂ ಆಗಲ್ಲ. ಆದ್ರೆ ಮಾತ್ರೆ ಮೇಲೆ ಎರಡು ವರ್ಷ ಏನೂ ಆಗಿಲ್ವಲ್ಲ. ತಪ್ಪದೆ ತಗೋತಿದೀಯ ತಾನೇ?" ಎಂದು ನನ್ನ ಕಡೆ ತಿರುಗಿದರು.

ನಾನು ಹೂಂ ಅಂದೆ. ನಿಮ್ಮ ಮಗಳಲ್ಲವೇ.

ಲೈಸೆನ್ಸ್ ಕೊಟ್ಟರು. ಜೂನ್ ಎಂಟಕ್ಕೆ ಹತ್ತಿದೆ. ಕುರ್ಚಿಯನ್ನು ನನ್ನ ಬದಲು ಓಡಿಸುತ್ತಿದ್ದ ಆ ಮಹಾರಾಯ ತನ್ನ ಉದ್ದಕ್ಕೆ ಸರಿಸಿಕೊಂಡಿದ್ದ, ಮತ್ತೆ ನನ್ನ ಅಳತೆಗೆ ತಂದೆ. ಕೆಳಗಿನಿಂದ ನಮ್ಮ ಸೀಟಿ ಕೈ ಎತ್ತಿ ಕುಣಿದ. ಭಾರ ಎತ್ತಲು ಇಳಿಸಲು ಕೆಳಗೆ ನಿಂತು ಸನ್ನೆ ಮಾಡುವವನು, ಸದಾ ಬಾಯಲ್ಲಿ ಸೀಟಿ, ಅದಕ್ಕೇ ಆ ಹೆಸರು. ಹತ್ತು ದಿನ ನಾನು ಎಷ್ಟು ಸುಖವಾಗಿದ್ದೆ ಎಂದು ನಿಮಗೆ ಹೇಳುವುದಿಲ್ಲ. ಅದು ನನಗೊಬ್ಬಳಿಗೆ.

ಹನ್ನೊಂದನೆಯ ದಿನ ಕಬ್ಬಿಣದ ಸರಳಿನ ಕಟ್ಟು ಎತ್ತುತ್ತಿದ್ದೆ. ಎಡಗೈ ಹೆಬ್ಬೆರಳು ತಾನಾಗಿ ಅದುರಿತು. ಎಡಗೈ ಅಂದರೆ ಬಲಗಡೆಯ ಮೆದುಳು, ಅಲ್ಲವೇ ಅಪ್ಪ? ನನಗೆ ನೆನಪಿರುವುದು ಅಷ್ಟೇ. ಕೈ ಬಿಟ್ಟರೆ ಕ್ರೇನು ತಾನೇ ನಿಲ್ಲುತ್ತದೆ, ಆದರೆ ತೂಗುತ್ತಿರುವ ಕಬ್ಬಿಣಕ್ಕೆ ನಿಲ್ಲು ಎಂದು ಹೇಳುವವರಾರು? ಅದು ತಿರುಗಿ ಬಂದು ಸೀಟಿಯ ಭುಜಕ್ಕೆ ಹೊಡೆಯಿತು. ಕೊರಳ ಮೂಳೆ ಎರಡು ತುಂಡು, ಬಲಗೈ ಇನ್ನೂ ಎತ್ತಲಾಗುವುದಿಲ್ಲ. ಇನ್ನೊಂದು ಗೇಣು ಈ ಕಡೆ ಇದ್ದಿದ್ದರೆ ತಲೆಗೇ ಬೀಳುತ್ತಿತ್ತು. ನೋಡಲು ಹೋದಾಗ "ಮೇಲಕ್ಕಾ, ಇನ್ಮೇಲೆ ಎಡಗೈಲೇ ಸನ್ನೆ ಮಾಡ್ತೀನಿ ಬಿಡು" ಎಂದು ತಮಾಷೆ ಮಾಡಿದ. ಅವನ ಹೆಂಡತಿ ಗೋಡೆ ಕಡೆ ತಿರುಗಿ ನಿಂತಿದ್ದಳು. ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ.

ಆಸ್ಪತ್ರೆಯಲ್ಲಿ ನಿದ್ದೆಯ ಅಲೆ ಬರೆಸಿದರು. ಬಲಗಡೆ, ಕಿವಿಯ ಮೇಲೆ. ನೀವು ಹೇಳಿದ ಜಾಗದಲ್ಲೇ. ಡಾಕ್ಟರಮ್ಮ ಆ ಕಾಗದ ತೋರಿಸುವಾಗ ಅವರ ಕಣ್ಣು ಕೆಂಪಾಗಿತ್ತು. ನಾನು ಮತ್ತೆ ಹತ್ತುವ ಹಾಗಿಲ್ಲ. ಸ್ಟೋರಿನ ಕಿಟಕಿಗೆ ಒಂದು ಪರದೆ ಹಾಕಿಸಿಕೊಂಡಿದ್ದೇನೆ. ಮಾತ್ರೆ ನುಂಗುತ್ತಿದ್ದೇನೆ, ಡಾಕ್ಟರಮ್ಮ ಹೇಳಿದ್ದಕ್ಕೆ.

ನಿಮ್ಮ ಮಾತು ನಿಜವಾಯಿತು ಎಂದು ಯಾರಾದರೂ ಅಂದರೆ ಹೂಂ ಅನ್ನಬೇಡಿ. ಪಟ್ಟಿ ಕಿತ್ತ ಆ ದಿನ "ಮೂಳೆಯ ಸಂದಿದೆ, ಇದು ನಂಬಲು ಬಾರದು, ಇನ್ನೊಮ್ಮೆ ಸರಿಯಾಗಿ ನೋಡಿ" ಎಂದು ಬರೆದಿದ್ದರೆ ಆಗಲೇ ಇಡೀ ರಾತ್ರಿ ನೋಡುತ್ತಿದ್ದರು, ಬಲಗಡೆಯದು ಆಗಲೇ ಸಿಗುತ್ತಿತ್ತು. ನಾನು ಅತ್ತು ಕರೆದು ಹೇಗೋ ಒಪ್ಪಿಕೊಳ್ಳುತ್ತಿದ್ದೆ. ಸೀಟಿಯ ಕೈ ಉಳಿಯುತ್ತಿತ್ತು. ಸುಳ್ಳನ್ನು ನಾನು ಎರಡು ವರ್ಷ ನಂಬಿದೆ. ನೀವು ನಿಜ ಹೇಳಿದ ದಿನ ನಂಬಿಕೆ ಖಾಲಿಯಾಗಿತ್ತು.

ನನ್ನ ಪಾಲಿನ ತಪ್ಪು ನನಗೆ ಗೊತ್ತು. ಮಾತ್ರೆ ಬಿಸಾಡಿದವಳೂ ನಾನು, ಹೂಂ ಅಂದವಳೂ ನಾನು. ಅದನ್ನು ನಾನು ಹೊರುತ್ತೇನೆ. ಆದರೆ ನಿಮ್ಮ ಪಾಲನ್ನು ಪ್ರೀತಿಯ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳಲು ಬಿಡುವುದಿಲ್ಲ.

ಕೆಳಗೆ ಸಹಿ ಮಾಡಿ ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿದ್ದೇನೆ. ಲಕೋಟೆಯ ಮೇಲೂ ನನ್ನ ಹೆಸರಿಲ್ಲ. ಈ ಸಲ ಕೀಳಬೇಡಿ. ಯಾರದೋ ಮಗಳು ಅವಳ ಅಪ್ಪನಿಗೆ ಬರೆದದ್ದು ಎಂದು ಇನ್ನೊಮ್ಮೆ ಓದಿ. ಆ ಅಪ್ಪನ ಬಗ್ಗೆ ನಿಮಗೆ ಏನು ಅನ್ನಿಸುತ್ತದೋ ಅದನ್ನು ಬರೆಯಿರಿ, ಆಮೇಲೆ ಸಹಿ ಹಾಕಿ.

ಇಂತಿ,
(ಇಲ್ಲಿ ಪಟ್ಟಿ ಅಂಟಿಸಿದೆ)